ಹಿಮ್ಮುಖವಾಗಿ ಏರಿದ ಗುಡ್ಡೆ

ಕಾಲೇಜಿನ ಹಲಸಿನ ಮರದ ಕೆಳಗೆ ನಿಲ್ಲುವ ನನ್ನ ಹಳೆಯ ಮಹೀಂದ್ರ ಜೀಪಿನ ಪರಿಚಯ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆಲ್ಲ ಇದೆ. ಅದು ನಿಂತಲ್ಲಿ ನೆಲಕ್ಕೆ ಬೀಳುವ ಎಣ್ಣೆಯ ಹನಿಗಳನ್ನು ನೋಡಿ ನಗುವವರೂ ಇದ್ದಾರೆ. ಆದರೆ ನಾನು ಅದನ್ನು ಕೊಂಡದ್ದು ತರಗತಿಗೆ ಬರುವುದಕ್ಕಲ್ಲ. ಭಾನುವಾರಗಳಂದು ನಾವು ಕೆಲವು ಮಂದಿ ಸ್ನೇಹಿತರು, ಒಬ್ಬ ದಂತವೈದ್ಯರು, ಒಬ್ಬ ಕಂಟ್ರಾಕ್ಟರು, ಇಬ್ಬರು ಅಡಕೆ ಕೃಷಿಕರು ಮತ್ತು ನಾನು, ನಮ್ಮ ನಮ್ಮ ಜೀಪುಗಳಲ್ಲಿ ಡಾಮರು ಮುಗಿದ ಕಡೆಗೆ ಹೊರಡುತ್ತೇವೆ. ಕೆಸರು, ಬಂಡೆ, ತೋಡು, ಏರು ಇವುಗಳನ್ನು ದಾಟುವುದೇ ಅಲ್ಲಿಯ ಸಂತೋಷ. ವಾರವಿಡೀ ಛಂದಸ್ಸು ಪಾಠ ಮಾಡುವವನಿಗೆ ಗಣ ಪ್ರಸ್ತಾರವಿಲ್ಲದ ಒಂದು ದಿನ ಬೇಕಾಗುತ್ತದೆ ಎಂದು ನನ್ನಷ್ಟಕ್ಕೆ ಸಮಾಧಾನ ಹೇಳಿಕೊಂಡಿದ್ದೆ.

ಬಾಯಾರಿನ ಆಚೆಯ ಒಂದು ಪದವಿಗೆ ನಾವು ಹೋದದ್ದು ಸೋಣ ತಿಂಗಳ ಒಂದು ಭಾನುವಾರ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಮುರಕಲ್ಲಿನ ಹಾಸಿನ ಮೇಲೆ ಬೆರಳಿನಷ್ಟು ಮಣ್ಣು, ಅದರ ಮೇಲೆ ಹುಲ್ಲು, ಹುಲ್ಲಿನ ನಡುವೆ ನೇರಳೆ ಬಣ್ಣದ ಸಣ್ಣ ಹೂಗಳು. ಪದವಿನ ಪಶ್ಚಿಮದ ಅಂಚಿನಿಂದ ಕೆಳಗಿನ ಕಣಿವೆಯತ್ತ ಒಂದು ಇಳಿಜಾರು. ಹಿಂದಿನ ವರ್ಷ ಅದನ್ನು ಕಂಡುಹಿಡಿದವರು ನಾವೇ. ಅಂದಿನಿಂದ ಪ್ರತಿಯೊಂದು ತಿರುಗಾಟದಲ್ಲಿಯೂ ಅದನ್ನು ಇಳಿದು ಮತ್ತೆ ಏರುವುದು ವಾಡಿಕೆಯಾಗಿತ್ತು. ಆ ದಿನ ಇಳಿದ ಮೇಲೆ ಏರಲೆಂದು ತಿರುಗಿಸಿ ಆಕ್ಸಿಲರೇಟರ್ ಒತ್ತಿದೆ. ಜೀಪಿನ ಹೊಟ್ಟೆಯೊಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಮೂರು ನಾಲ್ಕು ಏಟು ಕೇಳಿಸಿತು. ಎಂಜಿನು ಓಡುತ್ತಲೇ ಇತ್ತು, ಚಕ್ರ ಮಾತ್ರ ತಿರುಗಲಿಲ್ಲ.

ಅಡಿಗೆ ನುಸುಳಿ ನೋಡಿದೆ. ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಒಂದು ತುದಿ ಕಳಚಿ ನೇತಾಡುತ್ತಿತ್ತು. ಶಾಫ್ಟಿನ ಎರಡು ತುದಿಗಳಲ್ಲಿಯೂ ಕೂಡಿಸುವ ಚಿಹ್ನೆಯ ಆಕಾರದ ಒಂದು ಉಕ್ಕಿನ ತುಂಡು ಇರುತ್ತದೆ. ಅದನ್ನು ಮೆಕ್ಯಾನಿಕರು ಕ್ರಾಸ್ ಎನ್ನುತ್ತಾರೆ. ಅದರ ನಾಲ್ಕು ಕೈಗಳ ಮೇಲೆ ನಾಲ್ಕು ಟೋಪಿಗಳು, ಟೋಪಿಗಳ ಒಳಗೆ ಸೂಜಿಯಂತಹ ಬೇರಿಂಗುಗಳು. ಆಕ್ಸಲು ಮೇಲೆ ಕೆಳಗೆ ಆಡಿದರೂ ಶಾಫ್ಟು ತಡೆಯಿಲ್ಲದೆ ತಿರುಗುವುದು ಇದರಿಂದ. ಗ್ರೀಸು ಒಣಗಿದರೆ ಸೂಜಿಗಳು ಪುಡಿಯಾಗುತ್ತವೆ, ಆಮೇಲೆ ಕ್ರಾಸ್ ಮುರಿಯುತ್ತದೆ. ನೀರಿನಲ್ಲಿ ಇಳಿದ ಪ್ರತಿ ಸಲವೂ ಹೊಸ ಗ್ರೀಸು ತುಂಬಬೇಕೆಂಬುದು ನನಗೆ ಗೊತ್ತಿತ್ತು. ಜೂನಿನಿಂದ ತುಂಬಿರಲಿಲ್ಲ.

ನಮ್ಮಲ್ಲಿ ಸಲಕರಣೆಗೆ ಕೊರತೆಯಿರಲಿಲ್ಲ. ವಿಂಚು, ಎಳೆಯುವ ಪಟ್ಟಿಗಳು, ಟಯರಿಗೆ ಗಾಳಿ ತುಂಬುವ ಯಂತ್ರ, ಪಂಕ್ಚರಿನ ಸರಂಜಾಮು, ಚಹಾ ಕಾಯಿಸುವ ಗ್ಯಾಸಿನ ಒಲೆ ಕೂಡ ಇತ್ತು. ಆದರೆ ವಿಂಚು ಇದ್ದ ಜೀಪೇ ತೋಡಿನ ಆಚೆ ಬಂಪರಿನವರೆಗೆ ಕೆಸರಿನಲ್ಲಿ ಹೂತಿತ್ತು. ನಮ್ಮ ಸ್ಪ್ಯಾನರುಗಳೆಲ್ಲ ಮಿಲಿಮೀಟರಿನ ಲೆಕ್ಕದವು, ನನ್ನ ಜೀಪಿನ ನಟ್ಟುಗಳು ಹಳೆಯ ಅಮೆರಿಕನ್ ಮಾದರಿಯ ಇಂಚಿನ ಲೆಕ್ಕದವು. 14ರ ಸ್ಪ್ಯಾನರು ನಟ್ಟಿಗೆ ಹೊಗದು, 15ರದ್ದು ಸುಮ್ಮನೆ ಸುತ್ತುತ್ತದೆ. ದಂತವೈದ್ಯರು ತಮ್ಮ ವೃತ್ತಿಯ ಧೈರ್ಯದಿಂದ ಇಕ್ಕಳ ಹಾಕಿ ಒಂದು ನಟ್ಟಿನ ಮೂಲೆಗಳನ್ನು ಸವೆಸಿಬಿಟ್ಟರು. ಗಂಟೆ ನಾಲ್ಕಾಗಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ.

ಕೆಳಗಿನ ಅಡಕೆ ತೋಟದ ಕಡೆಯಿಂದ ಒಬ್ಬರು ಮೇಲೆ ಬಂದರು. ಎಪ್ಪತ್ತು ದಾಟಿದ ಪ್ರಾಯ, ತಲೆಗೆ ಮುಟ್ಟಾಳೆ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಮುಂಡು. ಜೊತೆಯವರು ನನ್ನನ್ನು ಕರೆಯುವುದನ್ನು ಕೇಳಿದ್ದರೆಂದು ತೋರುತ್ತದೆ.

"ಎಂತ ಮಾಷ್ಟ್ರೆ, ಕ್ರಾಸ್ ಹೋಯಿತಾ?"

"ಹೌದು. ನಿಮಗೆ ಹೇಗೆ ಗೊತ್ತಾಯಿತು?"

"ಶಬ್ದ ಕೇಳಿತಲ್ಲ, ತೋಟದಲ್ಲಿದ್ದೆ."

ಬಸ್ಸು ಬಾರದ ಕಾಲದಲ್ಲಿ ಅವರು ಈ ಭಾಗದಲ್ಲಿ ಸರ್ವಿಸ್ ಜೀಪು ಓಡಿಸುತ್ತಿದ್ದವರು. ಅಡಕೆಯ ಗೋಣಿ, ಮದುವೆಯ ದಿಬ್ಬಣ, ಮಂಗಳೂರಿನ ಆಸ್ಪತ್ರೆಗೆ ಒಯ್ಯಬೇಕಾದ ಬಸುರಿಯರು, ಎಲ್ಲವನ್ನೂ ಹೊತ್ತ ಜೀಪು ಅದು. ದಾರಿಯಲ್ಲಿ ಕೆಟ್ಟರೆ ದಾರಿಯಲ್ಲಿಯೇ ಸರಿಯಾಗಬೇಕು. ರೇಡಿಯೇಟರಿನ ಹೋಸು ಒಡೆದರೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಸುತ್ತುವುದು, ಡೀಸೆಲ್ ಟ್ಯಾಂಕು ಸೋರಿದರೆ ಬಾರ್ ಸೋಪನ್ನು ಮೆತ್ತುವುದು, ಸ್ಪ್ರಿಂಗಿನ ಪ್ಲೇಟು ಮುರಿದರೆ ಮರದ ತುಂಡು ಇಟ್ಟು ಹಗ್ಗದಿಂದ ಕಟ್ಟುವುದು. ಇವನ್ನೆಲ್ಲ ಅವರು ಸಾಹಸವೆಂದು ಹೇಳಲಿಲ್ಲ, ಕೆಲಸವೆಂದು ಹೇಳಿದರು. ನಾವು ಅವರನ್ನು ಡ್ರೈವರಣ್ಣ ಎಂದು ಕರೆದೆವು. ಅವರು ಮನೆಗೆ ಹೋಗಿ ಗೋಣಿತಾಟಿನಲ್ಲಿ ಸುತ್ತಿದ ಇಂಚಿನ ಸ್ಪ್ಯಾನರುಗಳನ್ನು ತಂದರು. ಜೀಪು ಮಾರಿ ಎಷ್ಟೋ ವರ್ಷವಾಗಿದ್ದರೂ ಅವುಗಳಿಗೆ ಎಣ್ಣೆ ಸವರಿ ಇಟ್ಟಿದ್ದರು.

ಅವರ ಉಪಾಯ ಸರಳವಾಗಿತ್ತು. ಮುರಿದದ್ದನ್ನು ಸರಿಮಾಡುವುದಲ್ಲ, ಬಿಚ್ಚಿ ತೆಗೆಯುವುದು. ಈ ಜೀಪುಗಳಲ್ಲಿ ಸಾಧಾರಣವಾಗಿ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಲಿವರ್ ಎಳೆದಾಗ ಮಾತ್ರ ಮುಂದಿನವಕ್ಕೂ ಹೋಗುತ್ತದೆ. ಹಿಂದಿನ ಶಾಫ್ಟನ್ನು ಪೂರ್ತಿ ಕಳಚಿ ಜೀಪಿನೊಳಗೆ ಹಾಕಿ ಲಿವರ್ ಎಳೆದರೆ ಮುಂದಿನ ಎರಡು ಚಕ್ರಗಳ ಬಲದಿಂದ ಊರು ಸೇರಬಹುದು. ಸವೆದ ನಟ್ಟನ್ನು ಅವರು ಉಳಿಯಿಂದ ಸೀಳಿದರು. "ಲೋ ಗೇರ್ ಹಾಕಬೇಡಿ. ಭಾರವೆಲ್ಲ ಮುಂದಿನ ಜಾಯಿಂಟಿಗೆ ಬೀಳುತ್ತದೆ, ಅದೂ ಹೋದರೆ ಜೀಪು ಇಲ್ಲಿಯೇ" ಎಂದರು.

ಆದರೆ ಏರಿನಲ್ಲಿ ಮುಂದಿನ ಚಕ್ರಗಳು ಸುಮ್ಮನೆ ಸುತ್ತಿದವು. ಏರುವಾಗ ಭಾರ ಹಿಂದಕ್ಕೆ ಜಾರುತ್ತದೆ, ಮುಂಭಾಗ ಹಗುರವಾಗುತ್ತದೆ. ನಾನು ಎರಡು ಬಾರಿ ಪ್ರಯತ್ನಿಸಿದ್ದನ್ನು ನೋಡಿ ಡ್ರೈವರಣ್ಣ ನಕ್ಕರು. "ತಿರುಗಿಸಿ ಮಾಷ್ಟ್ರೆ. ರಿವರ್ಸಿನಲ್ಲಿ ಹತ್ತಿಸುವ." ಮೂತಿಯನ್ನು ಕಣಿವೆಯ ಕಡೆಗೆ ಮಾಡಿ ಹಿಂದಕ್ಕೆ ಏರಿದರೆ ಭಾರ ಕೆಳಗಿರುವ ಮುಂದಿನ ಚಕ್ರಗಳ ಮೇಲೆಯೇ ಕುಳಿತಿರುತ್ತದೆ. ಇದು ನನ್ನ ಓದಿಗೆ ನಿಲುಕದ ಸಂಗತಿಯೇನಲ್ಲ. ಆದರೂ ಹೊಳೆದಿರಲಿಲ್ಲ.

ಅವರು ಪಕ್ಕದ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕುಳಿತರು. "ಹಿಂದೆ ನಾನು ನೋಡುತ್ತೇನೆ. ನೀವು ಮುಂದೆ ನೋಡಿ, ನಾನು ಹೇಳಿದ ಹಾಗೆ ತಿರುಗಿಸಿ." ಹೆಬ್ಬೆರಳನ್ನು ಸ್ಟೀರಿಂಗಿನ ಒಳಗೆ ಇಟ್ಟದ್ದಕ್ಕೆ ಒಮ್ಮೆ ಗದರಿದರು; ಕಲ್ಲಿಗೆ ಚಕ್ರ ಬಡಿದರೆ ಸ್ಟೀರಿಂಗು ತಿರುಗಿ ಬೆರಳು ಮುರಿಯುತ್ತದಂತೆ. ಜೀಪು ಅಂಗುಲ ಅಂಗುಲವಾಗಿ ಹಿಂದೆ ಏರಿತು. ಆ ಇಳಿಜಾರನ್ನು ಎಷ್ಟೋ ಸಲ ಇಳಿದಿದ್ದೆ, ಏರಿದ್ದೆ. ಇಳಿಯುವಾಗ ಚಕ್ರದ ಮುಂದಿನ ಕಲ್ಲಿನ ಮೇಲೆ ಕಣ್ಣು, ಏರುವಾಗ ಆಕಾಶದ ಮೇಲೆ. ಈಗ ಕಣ್ಣಿಗೆ ಬೇರೆ ಕೆಲಸವಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಎರಡು ಗಾಯಗಳಂತೆ ನಮ್ಮ ಜಾಡು ಕಂಡಿತು. ಹುಲ್ಲಿಲ್ಲ, ಮಣ್ಣಿಲ್ಲ, ಕೆಂಪು ಕಲ್ಲು ಎದ್ದು ಕಾಣುತ್ತಿತ್ತು. ಜಾಡಿನೊಳಗೆ ಮಳೆಯ ನೀರು ತೋಡಿನಂತೆ ಹರಿದು ನೇರವಾಗಿ ಒಂದು ಅಡಕೆ ತೋಟಕ್ಕೆ ಇಳಿಯುತ್ತಿತ್ತು.

"ಅದು ಯಾರ ತೋಟ?"

"ನಮ್ಮದೇ. ಸ್ವಲ್ಪ ಎಡಕ್ಕೆ ತಿರುಗಿಸಿ."

ಮೇಲೆ ತಲುಪಿದ ಮೇಲೆ ಅವರ ಮನೆಗೆ ಹೋದೆವು. ಬಾಗಿಲಲ್ಲಿ ಬೆಲ್ಲ ನೀರು ಕೊಟ್ಟರು. ಮನೆಯ ಹಿಂದೆ, ಗುಡ್ಡೆಯ ಮೈಯಲ್ಲಿ, ಅವರ ತಂದೆ ತೋಡಿಸಿದ ಸುರಂಗವಿತ್ತು. ಒಬ್ಬ ಮನುಷ್ಯ ನಡೆದು ಹೋಗುವಷ್ಟೇ ಅಗಲ. ಗುಡ್ಡೆ ಕುಡಿದ ನೀರು ಕಲ್ಲಿನ ಒಳಗಿನಿಂದ ಒಸರಿ, ಪಂಪಿನ ಹಂಗಿಲ್ಲದೆ ಹೊರಗಿನ ತೊಟ್ಟಿಗೆ ಬಂದು ಬೀಳುತ್ತದೆ. ತೊಟ್ಟಿಯ ಅರ್ಧದಷ್ಟು ಕೆಂಪು ಹೂಳು ತುಂಬಿತ್ತು. "ಕಳೆದ ಮಳೆಗಾಲದಿಂದ ಹೀಗೆ. ಮೇಲಿನ ನೀರು ನಿಲ್ಲುವುದಿಲ್ಲ, ಓಡಿ ಬರುತ್ತದೆ. ಓಡಿದ ನೀರು ಗುಡ್ಡೆಯ ಒಳಗೆ ಹೋಗುವುದು ಹೇಗೆ?" ಎಂದರು. ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಜೀಪಿನ ದೋಷ ಹೇಳಿದ ಅದೇ ದನಿಯಲ್ಲಿ ಹೇಳಿದರು. ಹಣ ಕೊಡಲು ಹೋದಾಗ ಕೈ ಅಡ್ಡ ಮಾಡಿದರು. "ಅದು ಬೇಡ. ಜನ ಇದ್ದರೆ ಒಂದು ದಿನ ಬನ್ನಿ, ಜಾಡಿಗೆ ಅಡ್ಡ ಕಣಿ ಕಡಿಯುವ."

ಕಣಿ ಎಂದರೆ ನಮ್ಮ ತೋಟಗಳಲ್ಲಿ ನೀರು ಹರಿಯುವ ಸಣ್ಣ ಕಾಲುವೆ. ಗ್ರಂಥದ ಕನ್ನಡದಲ್ಲಿ ಕಣಿ ಎಂದರೆ ಶಕುನ, ಭವಿಷ್ಯ ನುಡಿಯುವುದು. ಪಕ್ಕದ ಮನೆಯ ಮಲಯಾಳದಲ್ಲಿ ವಿಷುವಿನ ಬೆಳಗ್ಗೆ ಮೊದಲು ಕಾಣುವ ನೋಟ. ಅರ್ಥವ್ಯತ್ಯಾಸಕ್ಕೆ ತರಗತಿಯಲ್ಲಿ ನಾನು ಕೊಡುವ ಉದಾಹರಣೆಯೇ ಇದು. ಅಂದು ಆ ಪದವನ್ನು ಹಾರೆಯ ಜೊತೆಯಲ್ಲಿ ಕೇಳಿದೆ.

ಮರಳುವಾಗ ನಮ್ಮೊಳಗೆ ವಾದ ನಡೆಯಿತು. ಗುಡ್ಡೆ ಸರಕಾರದ್ದು, ಯಾರ ತೋಟವೂ ಅಲ್ಲ ಎಂದರು ಕಂಟ್ರಾಕ್ಟರು. ದನಗಳೂ ನಡೆಯುವುದಿಲ್ಲವೆ ಎಂದು ಇನ್ನೊಬ್ಬರು. ಆ ಇಳಿಜಾರು ಬಿಟ್ಟರೆ ತಿರುಗಾಟದಲ್ಲಿ ಉಳಿಯುವುದೇನು ಎಂಬ ಪ್ರಶ್ನೆಯೂ ಬಂತು. ಅದು ಪ್ರಾಮಾಣಿಕವಾದ ಪ್ರಶ್ನೆ, ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ನಾನು ಜೀಪು ಮಾರಿಲ್ಲ, ಭಾನುವಾರಗಳಂದು ಹೊರಡುವುದನ್ನು ಬಿಟ್ಟಿಲ್ಲ. ಹಳೆಯ ಗಾಡಿದಾರಿಗಳಲ್ಲಿ ಹೋಗುತ್ತೇನೆ, ಆ ಇಳಿಜಾರಿಗೆ ಹೋಗುವುದಿಲ್ಲ.

ಮುಂದಿನ ಭಾನುವಾರ ಬಂದವರು ಮೂವರು: ನಾನು, ದಂತವೈದ್ಯರು, ಕೃಷಿಕರಲ್ಲಿ ಒಬ್ಬರು. ಡ್ರೈವರಣ್ಣ ತೋರಿಸಿದ ಕಡೆಗಳಲ್ಲಿ ಜಾಡಿಗೆ ಓರೆಯಾಗಿ ಕಣಿ ಕಡಿದು, ಕೆಳಬದಿಗೆ ಮುರಕಲ್ಲಿನ ತುಂಡುಗಳನ್ನು ಒತ್ತೊತ್ತಾಗಿ ಇಟ್ಟೆವು. ನೀರು ಜಾಡನ್ನು ಬಿಟ್ಟು ಹುಲ್ಲಿನ ಕಡೆಗೆ ಹರಡಬೇಕು. ಸಂಜೆಯೊಳಗೆ ಐದು ಮುಗಿಯಿತು, ಅಂಗೈಯಲ್ಲಿ ಬೊಬ್ಬೆ ಬಂತು. ಅಷ್ಟರಲ್ಲಿ ಮಳೆಯೂ ಬಂತು. ನಾಲ್ಕು ಮಂದಿ ಕೊಡೆ ಹಿಡಿದು ಒಂದೊಂದರ ಹತ್ತಿರವೂ ನಿಂತು ನೋಡಿದೆವು. ಮೂರರಲ್ಲಿ ನೀರು ತಿರುಗಿತು. ಒಂದರಲ್ಲಿ ಅರ್ಧ ತಿರುಗಿತು. ನಾನು ಕಟ್ಟಿದ್ದರ ಕಲ್ಲುಗಳನ್ನು ನೀರು ತಳ್ಳಿಕೊಂಡು ಹೋಯಿತು.

"ಮಾಷ್ಟ್ರೆ, ನಿಮ್ಮದು ಇನ್ನೊಮ್ಮೆ" ಎಂದರು ಡ್ರೈವರಣ್ಣ. ಹಾರೆ ತೆಗೆದುಕೊಂಡೆ.