ಲಂಡನ್ನಿನಲ್ಲಿ ಮುಸ್ಸಂಜೆ ಎಷ್ಟು ಹೊತ್ತಿಗೆ?

ಪರದೇಶದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೆತ್ತವರು ಬರುತ್ತಾರೆಂದರೆ ಮೊದಲು ಸಿದ್ಧವಾಗುವುದು ಊರು ಸುತ್ತುವ ಪಟ್ಟಿ. ಲಂಡನ್ನಿನ ಪಶ್ಚಿಮ ಅಂಚಿನ ಹೌನ್ಸ್ಲೋದಲ್ಲಿದ್ದ ತಿಪಟೂರಿನ ಹುಡುಗನೂ 2019ರ ಜೂನ್‌ನಲ್ಲಿ ಅದನ್ನೇ ಮಾಡಿದ್ದ. ಟವರ್ ಬ್ರಿಜ್, ಬ್ರಿಟಿಷ್ ಮ್ಯೂಸಿಯಂ, ಗ್ರೀನಿಚ್ ಎಂದು ವಾರಾಂತ್ಯಗಳನ್ನೆಲ್ಲ ಹಂಚಿ, ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದ.

ಪಟ್ಟಿಯಲ್ಲಿ ಇಲ್ಲದಿದ್ದದ್ದು ವಾರದ ಉಳಿದ ಐದು ದಿನ. ಮಗ ಬೆಳಿಗ್ಗೆ ಆರೂಮುಕ್ಕಾಲಿಗೆ ರೈಲು ಹಿಡಿಯಲು ಓಡುವನು. ಸೊಸೆಗೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ಹತ್ತು ವರ್ಷದ ಮೊಮ್ಮಗ ಶಾಲೆಗೆ. ಅಜ್ಜಿ, ತಾತನ ಜೊತೆಗೆ ಉಳಿಯುತ್ತಿದ್ದದ್ದು ಹೀತ್ರೂ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ಸದ್ದು ಮಾತ್ರ. ಫೋನಿನಲ್ಲಿ ಪ್ರತಿದಿನ 'ಊಟ ಆಯ್ತಮ್ಮ' ಎನ್ನುತ್ತಿದ್ದ ಮಗನ ಡಬ್ಬಿಯಲ್ಲಿ ಇರುತ್ತಿದ್ದದ್ದು ಎರಡು ಬ್ರೆಡ್ಡು, ನಡುವೆ ಚಟ್ನಿಪುಡಿ. ಅಜ್ಜಿ ಅದನ್ನು ನೋಡಿದರು, ಏನೂ ಹೇಳಲಿಲ್ಲ.

ಅವರಿಗೆ ಇನ್ನೊಂದು ತೊಡಕು ದೀಪದ್ದು. ತಿಪಟೂರಿನಲ್ಲಿ ಜೂನ್‌ನಲ್ಲೂ ಏಳರೊಳಗೆ ಸೂರ್ಯ ಮುಳುಗುತ್ತಾನೆ. ಲಂಡನ್ನಿನಲ್ಲಿ ಒಂಬತ್ತೂಕಾಲು ದಾಟಬೇಕು. ಮುಸ್ಸಂಜೆಗೆ ಕಾದರೆ ಮೊಮ್ಮಗ ಮಲಗಿಬಿಟ್ಟಿರುತ್ತಾನೆ. ಹುಡುಗ ಕಿತ್ತಳೆ ಹಣ್ಣು, ಟಾರ್ಚು ಹಿಡಿದು ಬಂದ. "ಅಜ್ಜಿ, ಭೂಮಿ ಬಗ್ಗಿದೆ" ಎಂದ. 'ವಾಲಿದೆ' ಎಂಬ ಮಾತು ಅವನಿಗೆ ಸಿಗಲಿಲ್ಲ. "ಯಾರಿಗೋ ನಮಸ್ಕಾರ ಮಾಡೋಕೆ?" ಎಂದರು ಅಜ್ಜಿ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿದೆ. ಜೂನ್‌ನಲ್ಲಿ ಉತ್ತರ ಧ್ರುವ ಸೂರ್ಯನ ಕಡೆಗೆ. 13 ಡಿಗ್ರಿ ಅಕ್ಷಾಂಶದ ತಿಪಟೂರಿಗೆ ಆಗ ಹಗಲು ಹದಿಮೂರು ಗಂಟೆಗೆ ತುಸು ಕಡಿಮೆ, 51.5 ಡಿಗ್ರಿಯ ಲಂಡನ್ನಿಗೆ ಹದಿನಾರೂವರೆ ಗಂಟೆಗೂ ಹೆಚ್ಚು. ಡಿಸೆಂಬರಿನಲ್ಲಿ ಅದೇ ಲಂಡನ್ನಿನ ಹಗಲು ಎಂಟು ಗಂಟೆಯೂ ತುಂಬುವುದಿಲ್ಲ. ಟಾರ್ಚಿನ ಬೆಳಕಿನಲ್ಲಿ ಕಿತ್ತಳೆ ತಿರುಗಿದಾಗ ಅಜ್ಜಿಗೆ ಅರ್ಥವಾಯಿತು. ಅಂದಿನಿಂದ ಮಗ ಮನೆಗೆ ಬಂದು ಬೂಟು ಬಿಚ್ಚುವ ಏಳೂವರೆಗೆ, ಕಿಟಕಿಯಲ್ಲಿ ಬಿಸಿಲಿರುವಾಗಲೇ ದೀಪ ಹಚ್ಚತೊಡಗಿದರು.

ಮೂರನೆಯ ವಾರ ಗ್ರೀನಿಚ್. 1675ರಲ್ಲಿ ಸ್ಥಾಪನೆಯಾದ ವೀಕ್ಷಣಾಲಯದ ಅಂಗಳದಲ್ಲಿ ಸೊನ್ನೆ ರೇಖಾಂಶದ ಗೆರೆಯಿದೆ. ಜಗತ್ತಿನ ರೇಖಾಂಶಗಳ ಎಣಿಕೆ ಇಲ್ಲಿಂದ ಎಂದು 1884ರ ವಾಷಿಂಗ್ಟನ್ ಸಮ್ಮೇಳನದಲ್ಲಿ ನಿಶ್ಚಯವಾಯಿತು. ತಾತ ಗೆರೆಯ ಮೇಲೆ ನಿಂತು ಮಗನ ಫೋನ್ ನೋಡಿದರೆ ಸೊನ್ನೆ ಇಲ್ಲ! ಫೋನ್ ಕೆಟ್ಟಿರಲಿಲ್ಲ. ಉಪಗ್ರಹಗಳ ಲೆಕ್ಕದ ಸೊನ್ನೆ ಇರುವುದು ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕೆ. ಹಳೆಯ ದೂರದರ್ಶಕವನ್ನು ನೆಟ್ಟಗೆ ನಿಲ್ಲಿಸಿದ್ದು ಆ ಸ್ಥಳದ ಗುರುತ್ವಾಕರ್ಷಣೆಯ ದಿಕ್ಕನ್ನು ನಂಬಿ. ಅದು ಭೂಕೇಂದ್ರದ ಕಡೆಗೆ ಸರಿಯಾಗಿ ನೇರವಾಗಿರುವುದಿಲ್ಲ. ಉಪಗ್ರಹಗಳ ಲೆಕ್ಕವೋ ಭೂಕೇಂದ್ರದಿಂದ. ತಾತ ಹೆಜ್ಜೆ ಎಣಿಸುತ್ತ ಪೂರ್ವಕ್ಕೆ ನಡೆದೇಬಿಟ್ಟರು, ಹಿಂದೆ ಮೊಮ್ಮಗ. ಉದ್ಯಾನದ ಹುಲ್ಲಿನಲ್ಲಿ ಅವರಿಗೆ ಸೊನ್ನೆ ಸಿಕ್ಕಿತು. ಅಲ್ಲಿ ಗೆರೆಯೂ ಇಲ್ಲ, ಫೋಟೊಕ್ಕೆ ಸಾಲೂ ಇಲ್ಲ.

ಹಿಂದಿರುಗುವ ದಾರಿ ಗಂಟೆಗೂ ಮೀರಿದ್ದು. ಎರಡನೆಯ ರೈಲು ಹತ್ತಿದ್ದೇ ತಡ, ಮಗ ತಾಯಿಯ ಭುಜಕ್ಕೆ ತಲೆಯಾನಿಸಿ ನಿದ್ದೆಹೋದ. ಇಳಿಯುವ ನಿಲ್ದಾಣ ಬಂದರೂ ಅವರಿಗೆ ಎಬ್ಬಿಸಲು ಮನಸ್ಸಾಗಲಿಲ್ಲ. ಸೊಸೆ, "ಎಬ್ಬಿಸಿ ಅತ್ತೆ, ಮುಂದಕ್ಕೆ ಹೋಗಿಬಿಡ್ತೀವಿ" ಎನ್ನಬೇಕಾಯಿತು.

ಮರುದಿನ ಅಜ್ಜಿ ಗೋಡೆಯ ಪಟ್ಟಿ ಕಿತ್ತರು. "ನೋಡಿದ್ದು ಸಾಕು ಕಣೋ. ನಿಂಗೆ ಸಿಗೋ ಎರಡು ದಿನಾನೂ ನಮಗೇ ಯಾಕೆ ಖರ್ಚು ಮಾಡ್ತೀಯ?" ಮಗನ ಮುಖ ಸಪ್ಪಗಾಯಿತು. ವರ್ಷವೆಲ್ಲ ರಜೆ ಉಳಿಸಿದ್ದೇ ಇದಕ್ಕಾಗಿ. ತಾನು ಇಲ್ಲಿ ಚೆನ್ನಾಗಿದ್ದೇನೆಂದು ತೋರಿಸಲು ಅವನಿಗಿದ್ದದ್ದು ಆ ಸೇತುವೆ, ಆ ಮ್ಯೂಸಿಯಂಗಳೇ. ತಾಯಿಗೆ ಬೇಕಾದದ್ದು ಅವಲ್ಲ ಎನ್ನುವುದು ಹೊಳೆಯಲು ಅವನಿಗೆ ಒಂದೆರಡು ದಿನ ಹಿಡಿಯಿತು.

ತಾತ ಮಾತ್ರ ಒಂದು ಉಳಿಸಿಕೊಂಡರು: ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ. "ಅದನ್ನು ಬುಧವಾರ ನಾವಿಬ್ರೇ ನೋಡ್ಕೊಂಡು ಬರ್ತೀವಿ, ದಾರಿ ಬರೆದುಕೊಡು" ಎಂದರು. ಬರೆದುಕೊಟ್ಟವನು ಮೊಮ್ಮಗ, ಕನ್ನಡದಲ್ಲೇ, ಎರಡು ಕಡೆ ಒತ್ತಕ್ಷರ ಬಿಟ್ಟು.

ಮುಂದಿನ ಶನಿವಾರ ಯಾರೂ ಎಲ್ಲಿಗೂ ಹೊರಡಲಿಲ್ಲ. ಗಂಟೆ ಹತ್ತಾದರೂ ಮಗ ಎದ್ದಿರಲಿಲ್ಲ. ಅಜ್ಜಿ ಉಪ್ಪಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿಟ್ಟು, ಟಿ.ವಿ. ಹಾಕಲು ಹೊರಟ ಮೊಮ್ಮಗನಿಗೆ ಕಣ್ಣಲ್ಲೇ ಬೇಡವೆಂದರು.