ಸಿಟ್ಟು ಬಂತು... ನೋಡಿದೆನಾ?

ಮೂರು ತಿಂಗಳಿಂದ ಅನುರುದ್ಧಾಚಾರ್ಯರ 'ಅಭಿಧಮ್ಮತ್ಥ ಸಂಗಹ' ಓದ್ತಾ ಇದ್ದೀನಿ. ಅದರಲ್ಲಿ ಮನಸ್ಸಿನ ಜೊತೆಗೇ ಹುಟ್ಟುವ 52 ಚೇತಸಿಕಗಳ ಪಟ್ಟಿ ಇದೆ: 13 ಎರಡೂ ಕಡೆ ಸೇರುವಂಥವು, 14 ಕೆಟ್ಟವು, 25 ಒಳ್ಳೆಯವು. ಇಂಜಿನಿಯರ್ ಬುದ್ಧಿ ನೋಡಿ, ಎಲ್ಲಾನೂ ಎಕ್ಸೆಲ್ ಶೀಟಿಗೆ ತುಂಬಿ ಬಾಯಿಪಾಠ ಮಾಡಿದೆ.

ಮೊನ್ನೆ ಅಪ್ಪ ಫೋನ್ ಮಾಡಿ, ಮೊಬೈಲಲ್ಲಿ ಕರೆಂಟ್ ಬಿಲ್ ಕಟ್ಟೋದು ಹೇಗೆ ಅಂತ ಮೂರನೇ ಸಲ ಕೇಳಿದ್ರು. ರೇಗಿಬಿಟ್ಟೆ. "ಸರಿ ಬಿಡಪ್ಪ" ಅಂತ ಫೋನಿಟ್ಟರು. 'ದೋಸ' ಶೀಟಿನ ಯಾವ ಸಾಲಲ್ಲಿದೆ ಅಂತ ಗೊತ್ತಿತ್ತು. ನನ್ನೊಳಗೆ ಬಂದದ್ದು ಮಾತ್ರ ಗೊತ್ತಾಗಲಿಲ್ಲ.

ಸಿಟ್ಟಿದ್ದಾಗ ಅದು ಇದೆ ಅಂತ ಗುರುತಿಸೋದನ್ನೇ ಸತಿಪಟ್ಠಾನ ಸುತ್ತ ಕಲಿಸೋದು. ನಮ್ಮ ಕನ್ನಡದಲ್ಲೂ ಸಿಟ್ಟು 'ಬರುತ್ತೆ' ತಾನೆ? ಬಂದದ್ದು ನಾನಲ್ಲ, ಹೋಗಲೂಬಹುದು.

ರಾತ್ರಿ ನಾನೇ ಫೋನ್ ಮಾಡಿ ನಾಲ್ಕನೇ ಸಲ ಹೇಳಿಕೊಟ್ಟೆ. ಮಧ್ಯೆ ಒಮ್ಮೆ ಬಂತು... ಈ ಸಲ ಕಂಡಿತು.