ಯಳೇಸಂದ್ರದ ಬಿಸಿಲು

ಕೋಲಾರ ಎಂದೊಡನೆ ನೆನಪಾಗುವುದು ಚಿನ್ನ. ಆ ಗಣಿಗಳಿಗೆ 1902ರಲ್ಲಿ ದೂರದ ಶಿವನಸಮುದ್ರದಿಂದ ತಂತಿ ಎಳೆದು ವಿದ್ಯುತ್ ತಂದರು. 2001ರಲ್ಲಿ ಗಣಿ ಮುಚ್ಚಿತು. ಅದೇ ಬಂಗಾರಪೇಟೆ ಸೀಮೆಯ ಯಳೇಸಂದ್ರದಲ್ಲಿ 2009ರ ಕೊನೆಗೆ ಕರ್ನಾಟಕ ವಿದ್ಯುತ್ ನಿಗಮ ಕಟ್ಟಿದ ಸ್ಥಾವರಕ್ಕೆ ಮಾತ್ರ ನದಿಯೂ ಬೇಡ, ಕಲ್ಲಿದ್ದಲೂ ಬೇಡ. ಸಾಮರ್ಥ್ಯ 3 ಮೆಗಾವಾಟ್. ಪಾವಗಡದ 2,050 ಮೆಗಾವಾಟ್ ಪಾರ್ಕಿನ ಮುಂದೆ ಇದು ಹಿತ್ತಲಿನ ಕೈತೋಟವಷ್ಟೆ. ಆದರೆ ಆ ಕಾಲಕ್ಕೆ ದೇಶದ ದೊಡ್ಡ ಸೌರ ಸ್ಥಾವರಗಳಲ್ಲೊಂದು.

ಇಲ್ಲೇ ಏಕೆ? ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಿದು. ನೀರಾವರಿ ಬಹುಪಾಲು ಕೊಳವೆಬಾವಿಯ ಮೇಲೆ. ತಂತಿ ಉದ್ದವಾದಷ್ಟೂ ಅದು ಬಿಸಿಯಾಗಿ ವಿದ್ಯುತ್ ಸೋರುತ್ತದೆ. ಕೊನೆಯ ಹೊಲ ಮುಟ್ಟುವಾಗ ವೋಲ್ಟೇಜ್ ಕುಸಿದು ಪಂಪಿನ ಮೋಟಾರು ಸುಡುತ್ತದೆ. ರಾತ್ರಿ ತ್ರೀಫೇಸ್ ಬಂದಾಗ ಟಾರ್ಚ್ ಹಿಡಿದು, ಹಾವಿಗೆ ಅಂಜುತ್ತ ನೀರು ಕಟ್ಟಲು ಹೋಗುವ ಕಷ್ಟ ರೈತನ ಮನೆಯ ಮಕ್ಕಳಿಗೆ ಗೊತ್ತು. ಪಂಪುಗಳ ಹತ್ತಿರವೇ, ಹಗಲಿನಲ್ಲೇ ವಿದ್ಯುತ್ ಹುಟ್ಟಿದರೆ ಈ ಪಾಡು ಎಷ್ಟೋ ತಗ್ಗೀತು ಎಂಬ ಲೆಕ್ಕಾಚಾರ.

ಫಲಕಗಳ ಸಾಲು ಸಾಲೂ ದಕ್ಷಿಣಕ್ಕೆ ಮುಖ ಮಾಡಿ, ತುಸು ವಾಲಿ ನಿಂತಿವೆ. ಹದಿಮೂರು ಸಾವಿರಕ್ಕೂ ಹೆಚ್ಚು ಫಲಕಗಳು. ಒಂದೊಂದರಲ್ಲೂ ಸಿಲಿಕಾನಿನ ತೆಳು ಬಿಲ್ಲೆಗಳು. ಬಿಲ್ಲೆಯ ಒಂದು ಪದರಕ್ಕೆ ರಂಜಕ, ಇನ್ನೊಂದಕ್ಕೆ ಬೋರಾನ್ ಎಳ್ಳಷ್ಟು ಬೆರೆಸಿರುತ್ತಾರೆ. ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಕಟ್ಟು ಬಿಡಿಸಿಕೊಳ್ಳುತ್ತವೆ. ಪದರಗಳು ಕೂಡುವಲ್ಲಿರುವ ವಿದ್ಯುತ್ ಕ್ಷೇತ್ರ ಅವನ್ನು ಒಂದೇ ಕಡೆಗೆ ದೂಡುತ್ತದೆ. ಹೊರಗೆ ತಂತಿ ಜೋಡಿಸಿದರೆ ಪ್ರವಾಹ ಸಿದ್ಧ. ಒಂದು ಬಿಲ್ಲೆಯಿಂದ ಸಿಗುವುದು ಸುಮಾರು ಅರ್ಧ ವೋಲ್ಟ್, ಅದಕ್ಕೇ ಅವನ್ನು ಸರಣಿಯಲ್ಲಿ ಪೋಣಿಸುತ್ತಾರೆ. ಇದು ಡಿ.ಸಿ. ವಿದ್ಯುತ್. ಇನ್‌ವರ್ಟರ್ ಅದನ್ನು ಎ.ಸಿ.ಗೆ ತಿರುಗಿಸುತ್ತದೆ, ಟ್ರಾನ್ಸ್‌ಫಾರ್ಮರ್ 11 ಕಿಲೋವೋಲ್ಟಿಗೆ ಏರಿಸಿ ಊರಿನ ಲೈನಿಗೆ ಸೇರಿಸುತ್ತದೆ.

ಬಿಸಿಲು ಸುಟ್ಟಷ್ಟೂ ವಿದ್ಯುತ್ ಹೆಚ್ಚು ಎಂದು ಹಲವರು ಪರೀಕ್ಷೆಯಲ್ಲೂ ಬರೆಯುವುದುಂಟು. ತಪ್ಪು. ಬೇಕಾದದ್ದು ಬೆಳಕು, ಶಾಖವಲ್ಲ. ಬಿಲ್ಲೆ 25 ಡಿಗ್ರಿಗಿಂತ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಉತ್ಪಾದನೆ ಶೇಕಡಾ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನಕ್ಕಿಂತ ಜನವರಿಯ ತಂಪು ಬಿಸಿಲು ಫಲಕಕ್ಕೆ ಹಿತ.

ಇನ್ನೊಂದು ವಿಚಿತ್ರವುಂಟು. ಇಂಥ ಸ್ಥಾವರಗಳಲ್ಲಿ ಊರಿನ ಲೈನು ಸತ್ತರೆ, ಸುಡುಬಿಸಿಲಿದ್ದರೂ ಇನ್‌ವರ್ಟರ್ ತಾನೇ ನಿಂತುಬಿಡುತ್ತದೆ. ಕಂಬ ಹತ್ತಿದ ಲೈನ್‌ಮನ್ನನ ಜೀವ ಮುಖ್ಯ. ಆದರೆ ಅಷ್ಟು ಹೊತ್ತಿನ ಬಿಸಿಲು ದಂಡ.

ಧೂಳಿನದೂ ಕಾಟ. ಫಲಕ ಮಸುಕಾದರೆ ಬೆಳಕು ಒಳಹೋಗದು; ಆಗಾಗ ತೊಳೆಯಲೇಬೇಕು. ಕೋಲಾರದಲ್ಲಿ ಆ ನೀರಿಗೂ ಲೆಕ್ಕವಿದೆ.